ಕೈ ಓಡುವಾಗ ಬಾಯಿ ಓದಬೇಕು

ಔಷಧಿ ಕೌಂಟರಿನಲ್ಲಿ ಹೊಸಬರಿಗಿಂತ ಹಳಬರ ಮೇಲೆ ನನಗೆ ಹೆಚ್ಚು ಕಣ್ಣು. ಡಿ.ಫಾರ್ಮ ಓದಿ 500 ಗಂಟೆಗಳ ತರಬೇತಿಗೆಂದು ಬರುವ ಹುಡುಗ ಹುಡುಗಿಯರು ಮೊದಮೊದಲು ಒಂದೊಂದು ಸ್ಟ್ರಿಪ್ಪನ್ನೂ ಅಂಜಿಕೊಂಡೇ ತೆಗೆಯುತ್ತಾರೆ. ಹೆಸರು ಓದುತ್ತಾರೆ, ಚೀಟಿ ನೋಡುತ್ತಾರೆ, ಮತ್ತೆ ಹೆಸರು ಓದುತ್ತಾರೆ, ಆಮೇಲೂ ಒಂದು ಸಲ ನನ್ನ ಮುಖ ನೋಡುತ್ತಾರೆ. ಅಷ್ಟು ಹೊತ್ತಿಗೆ ಸಾಲಿನಲ್ಲಿ ನಿಂತವರು ಗೊಣಗಲು ಶುರುಮಾಡಿರುತ್ತಾರೆ, ಗೊಣಗಲಿ. ನನಗೆ ಭಯ ಹತ್ತುವುದು ಈ ಮಕ್ಕಳ ಭಯ ಬಿಟ್ಟುಹೋದ ಮೇಲೆ. ಯಾವ ಮಾತ್ರೆ ಯಾವ ಖಾನೆಯಲ್ಲಿದೆ ಎಂದು ಕೈಗೆ ಗೊತ್ತಾದ ದಿನದಿಂದ ಕಣ್ಣು ಓದುವುದನ್ನು ಬಿಟ್ಟು ಬರೀ ನೋಡುತ್ತದೆ. ಡಬ್ಬಿಯ ಬಣ್ಣ ನೋಡುತ್ತದೆ, ಇರುವ ಜಾಗ ನೋಡುತ್ತದೆ, ಹೆಸರಿನ ಮೊದಲ ಮೂರಕ್ಷರ ನೋಡುತ್ತದೆ, ಉಳಿದದ್ದನ್ನು ತಾನೇ ತುಂಬಿಕೊಂಡುಬಿಡುತ್ತದೆ. ಅಕ್ಕಿ ಆರಿಸುವವರಿಗೆ ಇದು ಗೊತ್ತು. ಅರ್ಧ ಮೊರ ಮುಗಿಯುವ ಹೊತ್ತಿಗೆ ಕಲ್ಲೂ ಅಕ್ಕಿಯ ಹಾಗೆಯೇ ಕಾಣತೊಡಗುತ್ತದೆ.

ನಾನು ತಿಪಟೂರಿನ ಒಂದು ನರ್ಸಿಂಗ್ ಹೋಮಿನ ಔಷಧಿ ವಿಭಾಗದಲ್ಲಿ ಬಹಳ ವರ್ಷದಿಂದ ಇದ್ದೇನೆ. ಒಳರೋಗಿಗಳಿಗೂ ಹೊರರೋಗಿಗಳಿಗೂ ಒಂದೇ ಕೌಂಟರು. ಕೊಬ್ಬರಿ ಹರಾಜಿನ ದಿನ ಸುತ್ತಲ ಹಳ್ಳಿಗಳವರೆಲ್ಲ ಒಟ್ಟಿಗೆ ಬರುತ್ತಾರೆ. ಮಾರುಕಟ್ಟೆ ಕೆಲಸ ಮುಗಿಸಿ, ಡಾಕ್ಟರಿಗೆ ತೋರಿಸಿ, ಔಷಧಿ ತೆಗೆದುಕೊಂಡು ಮೂರು ಗಂಟೆ ಬಸ್ಸು ಹಿಡಿಯಬೇಕು ಅವರು. ಅಂಥ ದಿನ ಕೌಂಟರಿನ ಮೇಲೆ ಚೀಟಿಗಳು ಒಂದರ ಮೇಲೊಂದು ಬೀಳುತ್ತವೆ. ತಪ್ಪು ಆಗುವುದು ಇಂಥ ಗಲಾಟೆಯಲ್ಲೇ ಎಂದು ಹೊರಗಿನವರು ತಿಳಿಯುತ್ತಾರೆ. ನಾನು ಕಂಡಂತೆ ಗಲಾಟೆ ಮುಗಿದ ಮೇಲಿನ ಅರ್ಧ ಗಂಟೆ ಇನ್ನೂ ಕೆಟ್ಟದ್ದು. ಮೈ ಸಡಿಲವಾಗಿರುತ್ತದೆ, 'ಅಬ್ಬ, ಮುಗೀತು' ಅನ್ನಿಸಿರುತ್ತದೆ, ಆಗ ಬರುವ ಒಂಟಿ ಚೀಟಿಯನ್ನು ಯಾರೂ ಸರಿಯಾಗಿ ಓದುವುದಿಲ್ಲ.

ಹೊಸದಾಗಿ ಬಂದ ಪ್ರತಿ ತಂಡಕ್ಕೂ ಒಂದು ಘಟನೆ ಹೇಳುತ್ತೇನೆ. 2006ರ ಸೆಪ್ಟೆಂಬರಿನಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಆಸ್ಪತ್ರೆಯೊಂದರಲ್ಲಿ ನಡೆದದ್ದು. ಹೆಪಾರಿನ್ ಎಂಬುದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ರಕ್ತನಾಳಕ್ಕೆ ಹಾಕಿದ ಕೊಳವೆ ಕಟ್ಟಿಕೊಳ್ಳದಿರಲೆಂದು ಬಹಳ ತೆಳುವಾದ ಹೆಪಾರಿನ್ನಿನಿಂದ ಅದನ್ನು ತೊಳೆಯುತ್ತಿದ್ದರು. ಅದರ ಬಲ ಮಿಲಿಲೀಟರಿಗೆ 10 ಯೂನಿಟ್. ದೊಡ್ಡವರಿಗೆ ಬಳಸುವ ಸೀಸೆಯಲ್ಲಿ ಮಿಲಿಲೀಟರಿಗೆ 10,000 ಯೂನಿಟ್. ಎರಡೂ ಹೆಬ್ಬೆರಳಿನಷ್ಟು ಗಾಜಿನ ಸೀಸೆ, ಎರಡರ ಲೇಬಲ್ಲಿಗೂ ನೀಲಿ ಛಾಯೆ. ಔಷಧಿ ವಿಭಾಗದ ನೌಕರರೊಬ್ಬರು ಕೂಸುಗಳ ಘಟಕದ ಬೀರುವಿಗೆ ಸ್ಟಾಕ್ ತುಂಬುವಾಗ ದೊಡ್ಡವರ ಸೀಸೆಗಳನ್ನು ಇಟ್ಟುಬಂದರು. ನರ್ಸುಗಳು ಎಂದಿನಂತೆ ಖಾನೆ ಎಳೆದರು, ಎಂದಿನಂತೆ ಸೀಸೆ ತೆಗೆದರು. ಸಾವಿರ ಪಟ್ಟು ಹೆಚ್ಚಿನ ಹೆಪಾರಿನ್ ಆ ಎಳೆಯ ಮೈಗಳಿಗೆ ಹೋಯಿತು. ಮೂರು ಕೂಸುಗಳು ತೀರಿಕೊಂಡವು.

ಮರುವರ್ಷ, 2007ರ ನವೆಂಬರಿನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಅದೇ ಎರಡು ಬಲಗಳ ಸೀಸೆಗಳು ಮತ್ತೆ ಅದಲುಬದಲಾದವು. ಈ ಸಲ ಸಿಕ್ಕಿಕೊಂಡದ್ದು ಹಾಲಿವುಡ್ ನಟ ಡೆನಿಸ್ ಕ್ವೇಡ್ ಅವರ ಹಸುಗೂಸುಗಳು, ಅವಳಿಗಳು. ಪುಣ್ಯಕ್ಕೆ ಬದುಕಿಕೊಂಡವು.

ಈ ಕಥೆ ಕೇಳಿದ ಕೂಡಲೇ ಮಕ್ಕಳು ಹೇಳುವ ಮಾತು, 'ಮೇಡಂ, ಒಂದು ಸಲ ಲೇಬಲ್ ಓದೋಕ್ಕೇನಾಗಿತ್ತು ಅವರಿಗೆ?' ನಾನು ಅಲ್ಲೇ ತಡೆಯುತ್ತೇನೆ. ಇಂಡಿಯಾನಾಪೊಲಿಸ್‌ನಲ್ಲಿ ಆ ಸೀಸೆ ಎತ್ತಿಕೊಂಡವರು ಒಬ್ಬರೇ ನರ್ಸ್ ಅಲ್ಲ. ಒಬ್ಬರು ಓದದೆ ಹೋದರೆ ಉಡಾಫೆ ಅನ್ನಬಹುದು. ಬೇರೆ ಬೇರೆಯವರು ಬಂದು ಅದೇ ಖಾನೆಯಿಂದ ಅದೇ ತಪ್ಪು ಸೀಸೆ ತೆಗೆದರು ಅಂದರೆ ಅದಕ್ಕೆ ಉಡಾಫೆ ಎಂಬ ಹೆಸರು ಸಾಲದು. ಆ ಖಾನೆಯಲ್ಲಿ ಅಲ್ಲಿಯತನಕ ಸಿಗುತ್ತಿದ್ದದ್ದು ಒಂದೇ ಔಷಧಿ. ಅವರು ಓದಿದ್ದು ಲೇಬಲ್ಲನ್ನಲ್ಲ, ಖಾನೆಯನ್ನು. ನಮ್ಮಲ್ಲಿ ಯಾರು ತಾನೇ ಓದುವುದಿಲ್ಲ ಹಾಗೆ? ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ತೆಗೆಯುವಾಗ ಯಾರೂ ಒಳಗೆ ಉಪ್ಪೇ ಇದೆಯೇ ಎಂದು ನೋಡುವುದಿಲ್ಲ.

ನಮ್ಮ ಕೌಂಟರಿನಲ್ಲಿ ಈ ಘಟನೆಯಿಂದ ಹುಟ್ಟಿದ ನಿಯಮ ಒಂದಿದೆ. ಪೊಟ್ಯಾಷಿಯಂ ಕ್ಲೋರೈಡ್ ಆಂಪ್ಯೂಲ್‌ಗಳು ವಾರ್ಡಿನ ಬೀರುವಿನಲ್ಲಿ ಇರಕೂಡದು. ನೋಡಲು ಅವು ಇಂಜೆಕ್ಷನ್ನಿಗೆ ಕಲೆಸುವ ಡಿಸ್ಟಿಲ್ಡ್ ವಾಟರಿನ ಆಂಪ್ಯೂಲ್‌ನಂತೆಯೇ ಇರುತ್ತವೆ, ಒಳಗಿನ ದ್ರವವೂ ನೀರಿನಂತೆಯೇ ತಿಳಿ. ಹತ್ತು ಮಿಲಿಲೀಟರಿನ ಆ ಆಂಪ್ಯೂಲನ್ನು ಗ್ಲೂಕೋಸ್ ಇಲ್ಲವೇ ಸಲೈನ್ ಬಾಟಲಿಗೆ ಬೆರೆಸಿ ನಿಧಾನವಾಗಿ ಹರಿಸಬೇಕು. ಹಾಗೆಯೇ ರಕ್ತನಾಳಕ್ಕೆ ಚುಚ್ಚಿದರೆ ಹೃದಯ ನಿಂತುಹೋಗುತ್ತದೆ. ಅದಕ್ಕೇ ಅವು ನಮ್ಮ ಹತ್ತಿರ, ಬೀಗ ಹಾಕಿದ ಕೆಂಪು ಡಬ್ಬಿಯಲ್ಲಿ ಇರುತ್ತವೆ. ವಾರ್ಡಿನವರು ರೋಗಿಯ ಹೆಸರು ಬರೆದ ಚೀಟಿ ತಂದು ಒಯ್ಯಬೇಕು. ಶುರುವಿನಲ್ಲಿ ಸಿಸ್ಟರ್‌ಗಳಿಗೆ ಬೇಜಾರಾಗಿತ್ತು, ರಾತ್ರಿ ಹೊತ್ತು ಮೆಟ್ಟಿಲಿಳಿದು ಬರಬೇಕಲ್ಲ ಎಂದು. ಈಗ ಯಾರೂ ಆ ಮಾತಾಡುವುದಿಲ್ಲ.

ತಪ್ಪಾದಾಗಲೆಲ್ಲ ದೊಡ್ಡವರು ಹೇಳುವ ಮಾತು 'ಹುಷಾರಾಗಿ ಮಾಡು'. ಈ ಮಾತಿನ ಮೇಲೆ ನನಗೆ ನಂಬಿಕೆ ಹೋಗಿ ಎಷ್ಟೋ ಕಾಲವಾಯಿತು. ಹುಷಾರಾಗಿರು ಅಂದರೆ ಕೇಳಿಸಿಕೊಂಡವನು ಏನು ಮಾಡಬೇಕು? ಹುಬ್ಬು ಗಂಟಿಕ್ಕಬೇಕೆ? ಬೆಳಿಗ್ಗೆ ಒಂಬತ್ತು ಗಂಟೆಗೆ ಇದ್ದ ಹುಷಾರು ಮಧ್ಯಾಹ್ನ ಎರಡೂವರೆಗೆ, ಊಟ ಕಾಣದ ಹೊಟ್ಟೆಯಲ್ಲಿ ಇರುವುದಿಲ್ಲ. ಮನೆಯಲ್ಲಿ ಮಗುವಿಗೆ ಜ್ವರವಿದ್ದ ದಿನ ಬೆಳಿಗ್ಗೆಯೂ ಇರುವುದಿಲ್ಲ. ಮನಸ್ಸು ಚೆನ್ನಾಗಿದ್ದಾಗ ಮಾತ್ರ ಕೆಲಸ ಮಾಡುವ ಎಚ್ಚರ ನಮ್ಮಂಥ ಕಸುಬಿಗೆ ಸಾಲದು. ಮನಸ್ಸು ಎಲ್ಲೋ ಇದ್ದಾಗಲೂ ಮೈಯೇ ಮಾಡುವಂಥದ್ದು ಬೇಕು. ಅದಕ್ಕೆ ನಾನು ಹುಷಾರಾಗಿರು ಅನ್ನುವುದಿಲ್ಲ, ಬೆರಳಿಟ್ಟು ಬಾಯಿಬಿಟ್ಟು ಓದು ಅನ್ನುತ್ತೇನೆ.

ಇದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಚಿಕ್ಕಪ್ಪನಿಂದ. ಅವರು ರೈಲ್ವೆಯಲ್ಲಿ ಲೋಕೋ ಪೈಲಟ್ ಆಗಿದ್ದು ನಿವೃತ್ತರಾದವರು. ಇಂಜಿನ್ನಿನಲ್ಲಿ ಇಬ್ಬರಿರುತ್ತಾರೆ, ಲೋಕೋ ಪೈಲಟ್ ಮತ್ತು ಅಸಿಸ್ಟೆಂಟ್. ಸಿಗ್ನಲ್ ಕಂಡ ಕೂಡಲೇ ಒಬ್ಬರು ಕೈ ತೋರಿಸಿ ಅದರ ಬಣ್ಣವನ್ನು ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬರು ತಾವೂ ನೋಡಿ ತಿರುಗಿ ಹೇಳಬೇಕು. ಅರಸೀಕೆರೆಗೆ ಹೋಗುವ ದಾರಿಯ ಸಿಗ್ನಲ್ಲುಗಳೆಲ್ಲ ನಿದ್ದೆಯಲ್ಲೂ ಗೊತ್ತಿದ್ದವರಿಗೆ ಇದೇಕೆ ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದೆ. 'ಗೊತ್ತಿರೋದೇ ತೊಂದರೆ ಕಣಮ್ಮ. ದಿನಾ ಹಸಿರು ನೋಡಿ ನೋಡಿ ಹಳದಿ ಇದ್ರೂ ತಲೆ ಹಸಿರು ಅಂತಾನೇ ಅನ್ಕೊಂಡ್ಬಿಡುತ್ತೆ. ಬಾಯಲ್ಲಿ ಹೇಳಕ್ಕೋದಾಗ ನಾಲಿಗೆ ತಡೆಯುತ್ತೆ' ಅಂದಿದ್ದರು.

ಜಪಾನಿನ ರೈಲ್ವೆಯವರು ಇದನ್ನೇ ಇನ್ನೂ ಕಟ್ಟುನಿಟ್ಟಾಗಿ ಮಾಡುತ್ತಾರೆ, ಬೆರಳು ತೋರಿಸಿ ಕೂಗಿ ಹೇಳುವ ಪದ್ಧತಿ ಅಲ್ಲಿ ನೂರು ವರ್ಷಕ್ಕೂ ಹಳೆಯದು. 1994ರಲ್ಲಿ ಅಲ್ಲಿನ ರೈಲ್ವೆ ತಾಂತ್ರಿಕ ಸಂಶೋಧನಾ ಸಂಸ್ಥೆ ಇದನ್ನು ಪರೀಕ್ಷಿಸಿತು. ಏನೂ ಮಾಡದೆ ಕೆಲಸ ಮಾಡಿದಾಗ 100ಕ್ಕೆ 2.38ರಷ್ಟು ತಪ್ಪು, ಬೆರಳು ತೋರಿಸಿ ಬಾಯಿಯಲ್ಲೂ ಹೇಳಿದಾಗ 0.38. ಔಷಧಿಗೂ ರೈಲಿಗೂ ಏನು ಸಂಬಂಧ ಎಂದು ಕೇಳುವವರಿಗೆ ನಾನು ಈ ಲೆಕ್ಕ ತೋರಿಸುತ್ತೇನೆ. ಎರಡು ಕಡೆಯೂ ಕೆಲಸ ಮಾಡುವುದು ಮನುಷ್ಯನ ಕಣ್ಣು, ಅದು ಮೋಸ ಹೋಗುವ ರೀತಿಯೂ ಒಂದೇ.

ನಮ್ಮಲ್ಲಿ ಓದುವುದು ಮೂರು ಸಲ. ರ‍್ಯಾಕಿನಿಂದ ತೆಗೆಯುವಾಗ ಒಂದು ಸಲ. ಕವರಿಗೆ ಹಾಕುವ ಮೊದಲು ಚೀಟಿಯ ಮೇಲೆ ಒಂದು ಬೆರಳು, ಸ್ಟ್ರಿಪ್ಪಿನ ಮೇಲೆ ಒಂದು ಬೆರಳು ಇಟ್ಟು ಇನ್ನೊಂದು ಸಲ. ಕೊನೆಗೆ ತೆಗೆದುಕೊಳ್ಳುವವರ ಎದುರಿಗೆ. ಹೆಸರು, ಬಲ, ಎಕ್ಸ್‌ಪೈರಿ ಮೂರನ್ನೂ ಓದಬೇಕು. ಬಲವನ್ನು ಬಿಟ್ಟು ಬರೀ ಹೆಸರು ಓದಿದರೆ ನಾನು ಒಪ್ಪುವುದಿಲ್ಲ, ಯಾಕೆಂದರೆ ಥೈರಾಯ್ಡ್ ಮಾತ್ರೆಯಲ್ಲಿ 25, 50, 75, 100 ಮೈಕ್ರೋಗ್ರಾಂ ಎಲ್ಲವೂ ಒಂದೇ ಗಾತ್ರದ ಡಬ್ಬಿಯಲ್ಲಿ, ಒಂದೇ ಹೆಸರಿನಲ್ಲಿ ಬರುತ್ತವೆ. ಮೂರನೆಯ ಓದು ಎಲ್ಲಕ್ಕಿಂತ ಮುಖ್ಯ. ಎದುರಿಗೆ ನಿಂತವರಿಗೆ ತಮ್ಮ ಕಾಯಿಲೆ ಗೊತ್ತಿರುತ್ತದೆ. 'ಇದು ಬೀಪಿ ಮಾತ್ರೆ, ಬೆಳಿಗ್ಗೆ ಒಂದು' ಎಂದಾಗ 'ನನಗೆಲ್ಲಿ ಬೀಪಿ ಐತೆ, ಕೆರೆತಕ್ಕೆ ಬಂದಿದ್ದು ನಾನು' ಎಂದು ಅವರೇ ಹಿಡಿದುಬಿಡುತ್ತಾರೆ. ಹೈಡ್ರಾಲಜೀನ್ ಬೀಪಿಗೆ, ಹೈಡ್ರಾಕ್ಸಿಜೀನ್ ಕೆರೆತಕ್ಕೆ. ಕೈಬರಹದಲ್ಲಿ ಎರಡೂ ಒಂದೇ ಥರದ ಗೀಚು.

ಮೊನ್ನೆ ನಡೆದ ಒಂದು ಸಂಗತಿ ಹೇಳುತ್ತೇನೆ. ಹಳ್ಳಿಯಿಂದ ಒಬ್ಬ ಅಜ್ಜ ಬಂದರು. ಬಹಳ ಕಾಲದಿಂದ ಶುಗರ್, ಇನ್ಸುಲಿನ್ ಪೆನ್ ಬಳಸುತ್ತಾರೆ. 'ಪೆನ್ ಕೆಟ್ಟೋಗೈತೆ ಕಣಪ್ಪ, ಔಸ್ದಿ ಇನ್ನೂ ಐತೆ. ಸಿರಿಂಜ್ ಕೊಟ್ರೆ ಅದ್ರಲ್ಲೇ ಎಳ್ಕೊಂಡು ಹಾಕ್ಕೊಂತೀನಿ' ಎಂದರು. ಕೌಂಟರಿನಲ್ಲಿದ್ದ ಹುಡುಗ ಕೈ ಚಾಚಿದ, ಕೆಂಪು ಮುಚ್ಚಳದ ಇನ್ಸುಲಿನ್ ಸಿರಿಂಜ್ ತೆಗೆದ. ನಮ್ಮಲ್ಲಿ ಕೇಳುವವರಲ್ಲಿ ಹೆಚ್ಚಿನವರಿಗೆ ಅದೇ ಬೇಕಾಗಿರುವುದು. ಕೈ ಅದರ ಕಡೆಗೇ ಹೋಗುವುದು ಸಹಜ.

ಸಿರಿಂಜನ್ನು ಕವರಿಗೆ ಹಾಕುವ ಮೊದಲು ಅವನು ಬೆರಳಿಟ್ಟು ಓದಿದ: 'ಯು-40.' ನಿಯಮದ ಪ್ರಕಾರ ಅದಕ್ಕೆ ಜೋಡಿ ಬೇಕು, ಯಾವ ಇನ್ಸುಲಿನ್ನಿಗೆ ಎಂದು. 'ಅಜ್ಜ, ಔಷಧಿ ತಂದಿದ್ದೀರಾ, ತೋರಿಸಿ' ಎಂದ. ಅಜ್ಜ ಪಂಚೆಯ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಕಾರ್ಟ್ರಿಜ್ ಬಿಚ್ಚಿ ತೋರಿಸಿದರು. ಹುಡುಗ ಅದನ್ನೂ ಗಟ್ಟಿಯಾಗಿ ಓದಿದ: 'ಒಂದು ಮಿಲಿಲೀಟರಿಗೆ 100.' ಓದಿ ಸುಮ್ಮನೆ ನಿಂತ. ಆಮೇಲೆ ನನ್ನ ಕಡೆ ತಿರುಗಿದ.

ವಿಷಯ ಹೀಗಿದೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸೀಸೆಯಲ್ಲಿ ಸಿಗುವ ಇನ್ಸುಲಿನ್ ಮಿಲಿಲೀಟರಿಗೆ 40 ಯೂನಿಟ್ಟಿನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನ ಕಾರ್ಟ್ರಿಜ್ ಮಿಲಿಲೀಟರಿಗೆ 100 ಯೂನಿಟ್ಟಿನದು. 100ರ ಬಲದ ಇನ್ಸುಲಿನ್ನಿಗೆ ಕಿತ್ತಳೆ ಮುಚ್ಚಳದ ಸಿರಿಂಜ್ ಬೇರೆಯೇ ಇದೆ. ಅಜ್ಜನಿಗೆ ಡಾಕ್ಟರ್ ಬರೆದದ್ದು 20 ಯೂನಿಟ್. ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಅರ್ಧ ಮಿಲಿಲೀಟರ್. ಆ ಅರ್ಧ ಮಿಲಿಲೀಟರ್ ಕಾರ್ಟ್ರಿಜ್ಜಿನದಾದರೆ ಮೈಗೆ ಹೋಗುವುದು 50 ಯೂನಿಟ್. ರಾತ್ರಿ ಊಟಕ್ಕೆ ಮುಂಚೆ ಹಾಕಿಕೊಂಡು ಮಲಗಿದ್ದರೆ ನಡುರಾತ್ರಿಯಲ್ಲಿ ಸಕ್ಕರೆ ಪಾತಾಳಕ್ಕೆ ಇಳಿಯುತ್ತಿತ್ತು. ಒಂಟಿಯಾಗಿ ಮಲಗುವ ಮನುಷ್ಯ, ಬೆವರಿ ನಡುಗಿದರೂ ಎಬ್ಬಿಸಿ ಸಕ್ಕರೆ ನೀರು ಕುಡಿಸುವವರಿಲ್ಲ.

ಯಾರೂ ಉಡಾಫೆ ಮಾಡಿರಲಿಲ್ಲ. ಅಜ್ಜ ಔಷಧಿ ಹಾಳಾಗಬಾರದೆಂದು ಯೋಚಿಸಿದ್ದರು, ಹುಡುಗ ಅವರನ್ನು ಕಾಯಿಸಬಾರದೆಂದು ಯೋಚಿಸಿದ್ದ. ತಡೆದದ್ದು ಎರಡು ಅಂಕಿಗಳನ್ನು ಬಾಯಲ್ಲಿ ಹೇಳಿದ್ದೊಂದೇ. ಡಾಕ್ಟರಿಗೆ ಫೋನ್ ಮಾಡಿದೆವು, ಅವತ್ತೇ ಬೇರೆ ಪೆನ್ ಕೊಡಿಸಿದೆವು, ಗುಂಡಿ ತಿರುಗಿಸಿ 20 ಇಡುವುದನ್ನು ಅಜ್ಜನ ಕೈಯಲ್ಲೇ ಮಾಡಿಸಿ ನೋಡಿದೆವು. ಕಾರ್ಟ್ರಿಜ್ಜಿನಿಂದ ಸಿರಿಂಜಿಗೆ ಎಳೆಯುವುದು ಬೇಡವೇ ಬೇಡ ಎಂದು ಎರಡು ಸಲ ಹೇಳಿ ಕಳಿಸಿದೆವು. ಆ ಹುಡುಗನ ಬೆನ್ನು ತಟ್ಟಿದೆ. ಅಂಥ ದಿನ ನನಗೆ ಈ ಕೆಲಸದ ಬಗ್ಗೆ ಆಗುವ ಸಂತೋಷವನ್ನು ಸಂಬಳದ ದಿನವೂ ಕೊಡುವುದಿಲ್ಲ.

ಇನ್ನೊಂದು ಔಷಧಿ ಇದೆ, ಅದರ ಹೆಸರು ಕೇಳಿದರೆ ಈಗಲೂ ನಾನು ನೆಟ್ಟಗೆ ಕೂರುತ್ತೇನೆ: ಮೆಥೋಟ್ರೆಕ್ಸೇಟ್. ಕೀಲುವಾತಕ್ಕೆ, ಸೋರಿಯಾಸಿಸ್‌ಗೆ ಬರೆಯುತ್ತಾರೆ. ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳಬೇಕು. ದಿನಾ ತೆಗೆದುಕೊಂಡರೆ ಮೂಳೆಯೊಳಗೆ ರಕ್ತ ಹುಟ್ಟುವುದೇ ನಿಂತುಹೋಗಿ ಜೀವಕ್ಕೆ ಅಪಾಯ. ನಾವು ಮಾತ್ರೆ ಹಾಕಿಕೊಡುವ ಕಾಗದದ ಕವರ್ ನೋಡಿದ್ದೀರಲ್ಲ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಮನೆ, ಓದಲು ಬಾರದವರಿಗೆ ಸೂರ್ಯ ಚಂದ್ರರ ಚಿತ್ರ. ಆ ಕವರಿನಲ್ಲಿ ವಾರಕ್ಕೆ ಜಾಗವೇ ಇಲ್ಲ. ದಿನಕ್ಕೆ ನೂರು ಸಲ 1-0-0, 1-0-1 ಬರೆಯುವ ಕೈ ಅಲ್ಲೂ ತಾನಾಗಿ 1-0-0 ಎಂದು ಬರೆದುಬಿಡಬಹುದು. ಜೊತೆಗೆ ಬರೆಯುವ ಫೋಲಿಕ್ ಆಸಿಡ್ ಕೂಡ ಸಣ್ಣ ಹಳದಿ ಮಾತ್ರೆ, ಇದೂ ಸಣ್ಣ ಹಳದಿ ಮಾತ್ರೆಯಾಗಿ ಬರುವುದುಂಟು. ಅದಕ್ಕೆ ಈ ಔಷಧಿಗೆ ನಾವು ಆ ಕವರನ್ನೇ ಬಳಸುವುದಿಲ್ಲ. ಬಿಳಿ ಕವರಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ 'ವಾರಕ್ಕೆ ಒಂದೇ ದಿನ, ಭಾನುವಾರ ಮಾತ್ರ' ಎಂದು, ಡಾಕ್ಟರ್ ಹೇಳಿದ ವಾರದ ಹೆಸರು ಬರೆದು ಕೊಡುತ್ತೇವೆ. ನಾಲ್ಕು ವಾರಕ್ಕೆ ಬೇಕಾದಷ್ಟೇ ಕೊಡುತ್ತೇವೆ. 'ಯಾವತ್ತು ತಗೋತೀರ, ನೀವೇ ಹೇಳಿ' ಎಂದು ಅವರ ಬಾಯಿಂದ ಹೇಳಿಸಿ, ಬಾಯಿಹುಣ್ಣಾದರೆ, ಜ್ವರ ಬಂದರೆ ಆ ವಾರದ ಮಾತ್ರೆ ನುಂಗುವ ಮೊದಲು ಬಂದು ತೋರಿಸಿ ಎಂದು ಹೇಳಿ ಕಳಿಸುತ್ತೇವೆ.

ಕಂಪ್ಯೂಟರ್ ಬಂದಮೇಲೆ ತಪ್ಪು ಕಡಿಮೆಯಾಯಿತೇ ಎಂದು ಕೇಳುತ್ತಾರೆ. ಕೈಬರಹ ಓದುವ ತಪ್ಪು ಕಡಿಮೆಯಾಯಿತು, ನಿಜ. ಆದರೆ ಬಿಲ್ಲಿಂಗ್ ಪರದೆಯಲ್ಲಿ ಎಂ, ಇ, ಟಿ ಎಂದು ಮೂರಕ್ಷರ ಒತ್ತಿ ನೋಡಿ. ಶುಗರಿನ ಮೆಟ್‌ಫಾರ್ಮಿನ್, ಬೀಪಿಯ ಮೆಟೊಪ್ರೊಲಾಲ್, ಭೇದಿಯ ಮೆಟ್ರೊನಿಡಜೋಲ್, ಈಗ ಹೇಳಿದ ಮೆಥೋಟ್ರೆಕ್ಸೇಟ್ ಎಲ್ಲವೂ ಸಾಲಾಗಿ ಇಳಿಯುತ್ತವೆ. ಬಾಣದ ಗುಂಡಿ ಒಂದು ಸಾಲು ಹೆಚ್ಚು ಜಾರಿದರೆ ಮುಗಿಯಿತು. ಆಮೇಲೆ ಆ ಬಿಲ್ಲನ್ನೇ ನೋಡಿ ಮಾತ್ರೆ ತೆಗೆದವರಿಗೆ ಬಿಲ್ಲೂ ಮಾತ್ರೆಯೂ ಸರಿಯಾಗಿ ಹೊಂದುತ್ತವೆ, ಚೀಟಿಯಲ್ಲಿ ಮಾತ್ರ ಬೇರೆಯದಿರುತ್ತದೆ. ಹೋಲಿಸುವುದು ಯಾವಾಗಲೂ ಡಾಕ್ಟರ್ ಚೀಟಿಯೊಂದಿಗೆ, ಬಿಲ್ಲಿನೊಂದಿಗೆ ಅಲ್ಲ ಎಂದು ಗೋಡೆಗೆ ಅಂಟಿಸಿದ್ದೇವೆ. ಔಷಧಿಯ ಮೂಲ ಹೆಸರನ್ನು ಓದಲು ಬರುವಂತೆ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿ ನಿಯಮ ತಂದದ್ದು ಒಳ್ಳೆಯದೇ ಆಯಿತು. ಆದರೂ ಅನುಮಾನ ಬರುವ ಚೀಟಿಗಳು ಬರುತ್ತಲೇ ಇರುತ್ತವೆ. ಮುಂದೆ ಸೊನ್ನೆ ಇಲ್ಲದ '.5' ಕಂಡರೆ, ಹಿಂದೆ ಸೊನ್ನೆ ಹಚ್ಚಿದ '5.0' ಕಂಡರೆ ಚುಕ್ಕೆ ಇದೆಯೋ ಇಲ್ಲವೋ ಎಂದು ಊಹಿಸುವ ಹಕ್ಕು ನಮಗಿಲ್ಲ. ಫೋನ್ ಎತ್ತಬೇಕು. ಡಾಕ್ಟರ್ ಸಿಡುಕಿದರೆ ಸಿಡುಕಲಿ.

ಸ್ಟ್ರಿಪ್ ಕತ್ತರಿಸುವ ವಿಷಯ ಚಿಕ್ಕದು, ಆದರೂ ಹೇಳಿಬಿಡುತ್ತೇನೆ. ಎಷ್ಟೋ ಸ್ಟ್ರಿಪ್ಪುಗಳಲ್ಲಿ ಎಕ್ಸ್‌ಪೈರಿ ಮತ್ತು ಬ್ಯಾಚ್ ನಂಬರ್ ಒಂದು ತುದಿಯಲ್ಲಿ ಮಾತ್ರ ಇರುತ್ತವೆ. ನಾಲ್ಕು ಮಾತ್ರೆ ಕೇಳಿದರೆ ಆ ತುದಿ ಬಿಟ್ಟು ಇನ್ನೊಂದು ತುದಿಯಿಂದ ಕತ್ತರಿಸಬೇಕು. ಉಳಿದ ತುಂಡು ಅನಾಥವಾದರೆ ಅದು ರ‍್ಯಾಕಿನಲ್ಲಿ ಎಷ್ಟು ವರ್ಷ ಮಲಗಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ನಡುವೆ ಮಾತಾಡಿಸುವವರದ್ದು ದೊಡ್ಡ ತೊಂದರೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ ನರ್ಸುಗಳು ಔಷಧಿ ಕೊಡುವುದನ್ನು ಪಕ್ಕದಲ್ಲೇ ನಿಂತು ಗಮನಿಸಿದ್ದರು. ನಡುವೆ ಒಂದೊಂದು ಸಲ ಅಡ್ಡಿಯಾದಾಗಲೂ ತಪ್ಪಿನ ಸಾಧ್ಯತೆ ಸುಮಾರು ಶೇ 12ರಷ್ಟು ಏರುತ್ತಿತ್ತು. ನಮ್ಮಲ್ಲಿ ಅಡ್ಡಿಯಿಲ್ಲದ ನಿಮಿಷವೇ ಇಲ್ಲ. 'ಮೇಡಂ, ಒಂದೇ ಒಂದು ಜ್ವರದ ಮಾತ್ರೆ', 'ಅಕ್ಕ, ಚಿಲ್ಲರೆ ಕೊಡಿ', ಮೇಲಿನಿಂದ ವಾರ್ಡಿನ ಫೋನು. ಇವನ್ನು ನಿಲ್ಲಿಸಲು ಆಗುವುದಿಲ್ಲ, ಹಾಗೆಂದು ಎಣಿಕೆಯ ಮಧ್ಯಕ್ಕೆ ವಾಪಸ್ ಬಂದು ಮುಂದುವರಿಸುವುದೂ ಕೂಡದು. ಅಡ್ಡಿಯಾಯಿತೋ, ಕೈಯಲ್ಲಿದ್ದ ಸ್ಟ್ರಿಪ್ಪನ್ನು ಟ್ರೇಗೆ ವಾಪಸ್ ಇಟ್ಟು ಚೀಟಿಯ ಮೊದಲ ಸಾಲಿನಿಂದ ಮತ್ತೆ ಶುರು. ಫೋನ್ ಎತ್ತುವವರು ಔಷಧಿ ಮುಟ್ಟುವುದಿಲ್ಲ, ಔಷಧಿ ಹಿಡಿದವರು ಫೋನ್ ಎತ್ತುವುದಿಲ್ಲ. ಕೆಲಸದ ಜನ ಕಡಿಮೆ ಇದ್ದ ದಿನ ಫೋನ್ ಹೊಡೆದುಕೊಳ್ಳುತ್ತಲೇ ಇರುತ್ತದೆ. ಅದಕ್ಕಾಗಿ ಆಡಳಿತದವರ ಹತ್ತಿರ ನಾನು ವಾದ ಮಾಡಿದ್ದೇನೆ, ಇನ್ನೂ ಮಾಡುತ್ತೇನೆ.

ಇಬ್ಬರು ನೋಡಿದರೆ ತಪ್ಪೇ ಆಗುವುದಿಲ್ಲ ಎನ್ನುವ ನಂಬಿಕೆಯೂ ಅಷ್ಟು ಸರಿಯಲ್ಲ. ಮೊದಲಿನವರು 'ಎರಡನೆಯವರು ನೋಡುತ್ತಾರೆ' ಎಂದುಕೊಳ್ಳುತ್ತಾರೆ, ಎರಡನೆಯವರು 'ಮೊದಲಿನವರು ನೋಡಿದ್ದಾರೆ' ಎಂದುಕೊಳ್ಳುತ್ತಾರೆ. ಎರಡು ಸಹಿ ಬಿದ್ದಿರುತ್ತವೆ, ಒಂದು ಸಲವೂ ಓದಿರುವುದಿಲ್ಲ. ಮಕ್ಕಳ ಔಷಧಿಯ ಲೆಕ್ಕವನ್ನು ಅದಕ್ಕೇ ನಾವು ಬೇರೆ ಬೇರೆ ಚೀಟಿಯಲ್ಲಿ ಮಾಡುತ್ತೇವೆ. ಎಂಟು ಕಿಲೋ ತೂಕದ ಮಗುವಿಗೆ ಜ್ವರಕ್ಕೆ ಪ್ಯಾರಾಸಿಟಮಾಲ್, ಕಿಲೋಗೆ 15 ಮಿಲಿಗ್ರಾಂ ಲೆಕ್ಕದಲ್ಲಿ 120 ಮಿಲಿಗ್ರಾಂ. ಐದು ಮಿಲಿಲೀಟರಿನಲ್ಲಿ 120 ಇರುವ ಸಿರಪ್ ಆದರೆ 5 ಮಿಲಿಲೀಟರ್, 250 ಇರುವ ಸಿರಪ್ ಆದರೆ 2.4, ಮಿಲಿಲೀಟರಿಗೆ 100 ಇರುವ ಡ್ರಾಪ್ಸ್ ಆದರೆ 1.2. ಮೂರೂ ಒಂದೇ ಹೆಸರಿನ ಔಷಧಿ. ಡ್ರಾಪ್ಸನ್ನು ಸಿರಪ್ ಎಂದುಕೊಂಡು 5 ಮಿಲಿಲೀಟರ್ ಕುಡಿಸಿದರೆ ಮಗುವಿಗೆ ಹೋಗುವುದು 500 ಮಿಲಿಗ್ರಾಂ, ದೊಡ್ಡವರ ಒಂದು ಮಾತ್ರೆ. ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣದಂತೆ ಲೆಕ್ಕ ಮಾಡಿ ಆಮೇಲೆ ಎರಡು ಚೀಟಿ ಪಕ್ಕಪಕ್ಕ ಇಡುತ್ತೇವೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಕೌಂಟರಿನ ಕೆಳಗೆ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇವೆ. ಆಗಿಬಿಡುತ್ತಿದ್ದು, ಕೊನೆ ಗಳಿಗೆಯಲ್ಲಿ ಸಿಕ್ಕಿಬಿದ್ದ ತಪ್ಪುಗಳನ್ನು ಅದರಲ್ಲಿ ಬರೆಯಬೇಕು. ದಿನ, ಹೊತ್ತು, ಯಾವ ಔಷಧಿ, ಎಲ್ಲಿ ಸಿಕ್ಕಿಬಿತ್ತು. ಯಾರು ಮಾಡಿದರು ಎಂದು ಬರೆಯುವಂತಿಲ್ಲ. ಇದನ್ನು ಶುರುಮಾಡಿದಾಗ ಎಷ್ಟೋ ವಾರ ಒಂದು ಸಾಲೂ ಬೀಳಲಿಲ್ಲ. ನನಗೆ ಕಾರಣ ಗೊತ್ತಿತ್ತು. ನಾನು ಕೆಲಸ ಕಲಿತ ಅಂಗಡಿಯಲ್ಲಿ ತಪ್ಪು ಸಿಕ್ಕರೆ ಗಿರಾಕಿಗಳ ಎದುರಿಗೇ ಬೈಗುಳ, ತಿಂಗಳ ಕೊನೆಗೆ ಸಂಬಳದಲ್ಲಿ ಕಡಿತ. ಅಲ್ಲಿ ತಪ್ಪುಗಳು ಕಡಿಮೆಯಾಗಲಿಲ್ಲ, ಕಣ್ಣಿಗೆ ಬೀಳುವುದು ಕಡಿಮೆಯಾಯಿತು. ತಪ್ಪಾಗಿ ತೆಗೆದ ಸ್ಟ್ರಿಪ್ಪನ್ನು ಯಾರಿಗೂ ಕಾಣದಂತೆ ವಾಪಸ್ ತುರುಕುವುದು, ಅದೂ ಅವಸರದಲ್ಲಿ ಬೇರೆ ಖಾನೆಗೆ ತುರುಕುವುದು. ಆ ಖಾನೆಯನ್ನು ನಂಬಿ ಮುಂದಿನವರು ಕೈ ಹಾಕುತ್ತಾರೆ. ಬೈಗುಳದಿಂದ ಒಂದು ತಪ್ಪು ಎರಡಾಗುವುದು ಹೀಗೆ. ನಮ್ಮಲ್ಲಿ ಬೈಯಬಾರದು ಎಂದು ನಾನು ಹಟ ಹಿಡಿದಿರುವುದು ಬರೀ ಮಕ್ಕಳ ಮೇಲಿನ ಪ್ರೀತಿಯಿಂದಲ್ಲ, ಮುಂದಿನ ರೋಗಿಯ ಮೇಲಿನ ಕಾಳಜಿಯಿಂದ.

ನಿಧಾನವಾಗಿ ಪುಟ ತುಂಬತೊಡಗಿತು. ತುಂಬಿದ ಮೇಲೆ ಕುಳಿತು ಓದಿದರೆ ಒಂದೊಂದು ಪುಟವೂ ಒಂದೊಂದು ಪಾಠ. ಡೋಪಮಿನ್, ಡೋಬುಟಮಿನ್ ಎರಡೂ ಮತ್ತೆ ಮತ್ತೆ ಬಂದಿದ್ದವು. ಎರಡೂ ಕುಸಿದ ರೋಗಿಗೆ ಅವಸರದಲ್ಲಿ ಬೇಕಾಗುವವು, ನಾವು ಅಕ್ಷರಮಾಲೆಯ ಪ್ರಕಾರ ಅಕ್ಕಪಕ್ಕದಲ್ಲೇ ಜೋಡಿಸಿಟ್ಟಿದ್ದೆವು. ಈಗ ಒಂದು ಎಡಗಡೆಯ ಮೇಲಿನ ರ‍್ಯಾಕಿನಲ್ಲಿ, ಇನ್ನೊಂದು ಬಲಗಡೆಯ ಕೆಳಗೆ, ನಡುವೆ ಎರಡು ಹೆಜ್ಜೆ. ಹೆಸರಿನಲ್ಲಿ ಬೇರೆಯಾಗುವ ಅಕ್ಷರಗಳಿಗೆ ಕೆಂಪು ಗೆರೆ. ಆ ಜೋಡಿ ಪುಸ್ತಕದಲ್ಲಿ ಮತ್ತೆ ಕಾಣಿಸಿಕೊಂಡಿಲ್ಲ. ಸೆಫೋಟಾಕ್ಸಿಮ್, ಸೆಫ್ಟ್ರಿಯಾಕ್ಸೋನ್ ಈಗಲೂ ಕಾಣಿಸಿಕೊಳ್ಳುತ್ತಿವೆ, ಅವಕ್ಕೆ ಬೇರೆ ಜಾಗ ಹುಡುಕಬೇಕು.

ಕೌಂಟರಿನ ಆಚೆ ನಿಲ್ಲುವವರಿಗೂ ಕೆಲವು ಮಾತು. ನಾವು ಬಾಯಿಬಿಟ್ಟು ಓದುವಾಗ ದಯವಿಟ್ಟು ಕೇಳಿಸಿಕೊಳ್ಳಿ, ಅದು ನಿಮಗಾಗಿಯೇ. ಹೋದ ತಿಂಗಳ ಖಾಲಿ ಸ್ಟ್ರಿಪ್ ಬಿಸಾಡದೆ ತನ್ನಿ. ಮಾತ್ರೆಯ ಬಣ್ಣವೋ ಆಕಾರವೋ ಬದಲಾಗಿದ್ದರೆ ನುಂಗುವ ಮೊದಲು ಕೇಳಿ, ಕಂಪನಿ ಬೇರೆಯಾಗಿರಬಹುದು, ಔಷಧಿಯೇ ಬೇರೆಯಾಗಿರಲೂಬಹುದು. ಮಗುವಿಗೆ ಸಿರಪ್ ಒಯ್ಯುವವರು ಮನೆಯ ಚಮಚ ಬಳಸಬೇಡಿ, ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳದಲ್ಲೇ ಕುಡಿಸಿ, ಎಲ್ಲಿಯವರೆಗೆ ಎಂದು ನಮ್ಮ ಹತ್ತಿರ ಪೆನ್ನಿನಲ್ಲಿ ಗುರುತು ಹಾಕಿಸಿಕೊಳ್ಳಿ. ಇನ್ಸುಲಿನ್ ತೆಗೆದುಕೊಳ್ಳುವವರು ಸಿರಿಂಜ್ ಕೇಳಲು ಬರುವಾಗ ಇನ್ಸುಲಿನ್ ಸೀಸೆಯನ್ನೋ ಅದರ ಡಬ್ಬಿಯನ್ನೋ ಜೊತೆಗೆ ತನ್ನಿ. ಬಸ್ಸಿಗೆ ಹೊತ್ತಾಗಿದ್ದರೆ ಬಂದ ಕೂಡಲೇ ಹೇಳಿ, ನಿಮ್ಮ ಚೀಟಿಯನ್ನು ಮುಂದೆ ಹಾಕುತ್ತೇವೆ. ಆದರೆ ಓದುವುದು ಮೂರು ಸಲವೇ.